ಲ್ಯಾಪ್‌ಟಾಪ್ ಮರೆತು ಬಂದ ದಿನ

ಪ್ಯಾಮ್ ಮುಲ್ಲರ್ ಆಗ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಪ್ರೊಫೆಸರ್ ಡೇನಿಯಲ್ ಓಪನ್‌ಹೈಮರ್ ಅವರ ಮನೋವಿಜ್ಞಾನದ ತರಗತಿಗೆ ಬೋಧನಾ ಸಹಾಯಕಿಯೂ ಹೌದು. ಪಾಠವನ್ನು ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡಿಕೊಳ್ಳುವುದು ಅವರ ರೂಢಿ. ಒಂದು ದಿನ ಅದನ್ನು ತರಲು ಮರೆತು, ಪೆನ್ನು ಹಿಡಿದು ಬರೆದುಕೊಂಡರು. ಅವತ್ತಿನ ಪಾಠ ಎಂದಿಗಿಂತ ಚೆನ್ನಾಗಿ ತಲೆಗೆ ಹತ್ತಿತು ಅನ್ನಿಸಿತು. ಓಪನ್‌ಹೈಮರ್ ಬಳಿ ಹೇಳಿದಾಗ ಅವರೂ ತಮ್ಮ ಅನುಭವ ಹೇಳಿಕೊಂಡರು. ಸಭೆಯೊಂದರಲ್ಲಿ ಅವರು ಮಾತುಗಳನ್ನು ಟೈಪ್ ಮಾಡಿಕೊಳ್ಳುತ್ತ ಕೂತಿದ್ದರು. ನಡುವೆ ತಲೆಯೆತ್ತಿ ನೋಡಿದರೆ, ಮಾತಾಡುತ್ತಿದ್ದವರು ಏನು ಹೇಳುತ್ತಿದ್ದಾರೆಂಬುದೇ ತಿಳಿದಿರಲಿಲ್ಲ!

ಅನ್ನಿಸಿದ್ದು ನಿಜವೇ ಎಂದು ಇಬ್ಬರೂ ಪರೀಕ್ಷಿಸಲು ಹೊರಟರು. ಪ್ರಿನ್ಸ್‌ಟನ್‌ನ 67 ವಿದ್ಯಾರ್ಥಿಗಳಿಗೆ ಟೆಡ್ ಭಾಷಣಗಳನ್ನು ತೋರಿಸಿದರು. ಕೆಲವರಿಗೆ ನೋಟ್‌ಬುಕ್ಕು, ಕೆಲವರಿಗೆ ಇಂಟರ್‌ನೆಟ್ ಇಲ್ಲದ ಲ್ಯಾಪ್‌ಟಾಪು ಕೊಟ್ಟರು. ಭಾಷಣ ಮುಗಿದು ಅರ್ಧ ಗಂಟೆ ಕಳೆದ ಮೇಲೆ ಎರಡು ಬಗೆಯ ಪ್ರಶ್ನೆ ಕೇಳಿದರು. ಸಿಂಧೂ ನಾಗರಿಕತೆ ಸುಮಾರು ಎಷ್ಟು ವರ್ಷ ಹಿಂದಿನದು ಎಂಬಂಥವು ಬರೀ ಮಾಹಿತಿಯ ಪ್ರಶ್ನೆಗಳು. ಸಮಾನತೆಯ ವಿಷಯದಲ್ಲಿ ಜಪಾನಿನ ದಾರಿಗೂ ಸ್ವೀಡನ್ನಿನ ದಾರಿಗೂ ಏನು ವ್ಯತ್ಯಾಸ ಎಂಬಂಥವು ವಿಷಯ ಅರ್ಥವಾಗಿದ್ದರೆ ಮಾತ್ರ ಉತ್ತರಿಸಬಹುದಾದವು.

ಮಾಹಿತಿಯ ಪ್ರಶ್ನೆಗಳಲ್ಲಿ ಎರಡೂ ಗುಂಪು ಸಮಸಮ. ಎರಡನೆಯ ಬಗೆಯವುಗಳಲ್ಲಿ ಲ್ಯಾಪ್‌ಟಾಪ್ ಗುಂಪು ಹಿಂದೆ ಬಿತ್ತು. ಟಿಪ್ಪಣಿಗಳನ್ನು ತೆರೆದು ನೋಡಿದಾಗ ಕಾರಣದ ಸುಳಿವು ಸಿಕ್ಕಿತು. ಟೈಪ್ ಮಾಡಿದವರು ಸರಾಸರಿ 310 ಪದ ಬರೆದಿದ್ದರು, ಕೈಯಲ್ಲಿ ಬರೆದವರು 173. ಆದರೆ ಟೈಪ್ ಮಾಡಿದವರ ಟಿಪ್ಪಣಿಯಲ್ಲಿ ಭಾಷಣಕಾರರ ಮಾತೇ ಹೆಚ್ಚಾಗಿ ಹಾಗೆಹಾಗೇ ಇಳಿದಿತ್ತು. ಮಾತಿನ ವೇಗಕ್ಕೆ ಪೆನ್ನು ಓಡುವುದಿಲ್ಲ. ಆದ್ದರಿಂದ ಬರೆಯುವವರು ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಎಂದು ಕೇಳುತ್ತಲೇ ನಿರ್ಧರಿಸಬೇಕಾಗುತ್ತದೆ. ಈ ನಿರ್ಧಾರವೇ ಕಲಿಕೆ ಎಂದು ಸಂಶೋಧಕರು ತರ್ಕಿಸಿದರು.

ಹಾಗಾದರೆ ಮೊದಲೇ ಎಚ್ಚರಿಸಿದರೆ ಸಾಲದೇ? ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ 151 ಮಂದಿಯ ಮೇಲೆ ಎರಡನೆಯ ಪ್ರಯೋಗ ನಡೆಯಿತು. ಲ್ಯಾಪ್‌ಟಾಪ್ ಹಿಡಿದ ಒಂದು ಗುಂಪಿಗೆ, ಕೇಳಿದ್ದನ್ನು ಪದಕ್ಕೆ ಪದ ಇಳಿಸಬೇಡಿ, ನಿಮ್ಮ ಮಾತಲ್ಲಿ ಬರೆಯಿರಿ ಎಂದು ಸ್ಪಷ್ಟವಾಗಿ ಹೇಳಿದರು. ಆದರೂ ಅವರು ಪದಕ್ಕೆ ಪದ ಇಳಿಸುವುದು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಕಲಿಸುವವರು ಗಮನಿಸಬೇಕಾದ್ದು ಇದನ್ನೇ. ಬುದ್ಧಿಮಾತು ಹೇಳಿದ ಮಾತ್ರಕ್ಕೆ ಟಿಪ್ಪಣಿ ಬರೆಯುವ ಅಭ್ಯಾಸ ಬದಲಾಗುವುದಿಲ್ಲ.

2014ರಲ್ಲಿ ಈ ಪ್ರಯೋಗಗಳು ಪ್ರಕಟವಾದವು. ಪೆನ್ನು ಗೆದ್ದಿತು ಎಂಬ ಸುದ್ದಿ ಎಲ್ಲೆಡೆ ಹರಡಿತು. ಆದರೆ ವಿಜ್ಞಾನ ಒಂದೇ ಪ್ರಯೋಗವನ್ನು ನಂಬಿ ಕೂರುವುದಿಲ್ಲ. 2021ರಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಹೆದರ್ ಅರಿ ಮತ್ತು ಸಂಗಡಿಗರು ಮೊದಲ ಪ್ರಯೋಗವನ್ನು 142 ಮಂದಿಯೊಂದಿಗೆ ಮತ್ತೆ ಮಾಡಿದರು. ಟೈಪ್ ಮಾಡುವವರು ಹೆಚ್ಚು ಪದ ಬರೆಯುತ್ತಾರೆ, ಹೆಚ್ಚಾಗಿ ನಕಲು ಇಳಿಸುತ್ತಾರೆ ಎಂಬುದು ಮತ್ತೆ ನಿಜವಾಯಿತು. ಉತ್ತರಗಳಲ್ಲಿ ಮಾತ್ರ ಪೆನ್ನಿನವರು ಮುಂದಿರಲಿಲ್ಲ.

ಪೆನ್ನೊಂದರಿಂದಲೇ ಕಲಿಕೆ ಆಗುವುದಿಲ್ಲ ಎಂದಾದರೆ, ಟಿಪ್ಪಣಿ ಬರೆದಾದ ಮೇಲೆ ಏನು ಮಾಡುತ್ತೇವೆ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪೌಕ್ ಈ ಪ್ರಶ್ನೆಗೆ ಬಹಳ ಹಿಂದೆಯೇ ಒಂದು ಹಾಳೆಯ ಮೇಲೆ ಉತ್ತರ ಕೊಟ್ಟಿದ್ದರು. ಅದನ್ನು ವಿವರಿಸುವ ಅವರ ಪುಸ್ತಕ ಮೊದಲು ಬಂದದ್ದು 1962ರಲ್ಲಿ. ಹಾಳೆಯ ಎಡಕ್ಕೆ ಎರಡೂವರೆ ಇಂಚು ಬಿಟ್ಟು ಗೆರೆ ಎಳೆಯಬೇಕು. ಪಾಠದ ಟಿಪ್ಪಣಿ ಬಲಕ್ಕೆ. ಕೆಳಗೆ ಎರಡು ಇಂಚು ಖಾಲಿ. ತರಗತಿ ಮುಗಿದ ಮೇಲೆ ಎಡಗಡೆ ಪ್ರಶ್ನೆಗಳನ್ನೋ ಸೂಚಕ ಪದಗಳನ್ನೋ ಬರೆದು, ಬಲಭಾಗವನ್ನು ಮುಚ್ಚಿ, ಉತ್ತರವನ್ನು ಬಾಯಲ್ಲಿ ಹೇಳಿಕೊಳ್ಳಬೇಕು. ಕೆಳಗಿನ ಜಾಗದಲ್ಲಿ ಇಡೀ ಪುಟದ ಸಾರ ಒಂದೆರಡು ವಾಕ್ಯದಲ್ಲಿ.

ಹಾಗೆ ಮುಚ್ಚಿಟ್ಟು ಹೇಳಿಕೊಳ್ಳುವುದರ ಬಲವನ್ನು 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಅಳೆದು ತೋರಿಸಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಒಮ್ಮೆ ಓದಿ, ಪುಸ್ತಕ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಓದಿದವರೇ ಮುಂದು. ಒಂದು ವಾರದ ನಂತರ ನೋಡಿದರೆ, ಓದಿದವರಿಗೆ ಶೇ. 42ರಷ್ಟು ಮಾತ್ರ ನೆನಪಿತ್ತು. ನೆನಪಿನಿಂದ ಬರೆದವರಿಗೆ ಶೇ. 56ರಷ್ಟು. ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ತಿರುವಿಹಾಕುವವರಿಗೆ ಎಲ್ಲ ಬರುತ್ತದೆ ಎಂಬ ಭ್ರಮೆ ಯಾಕೆ ಹುಟ್ಟುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ.

ಉಪನ್ಯಾಸಕರ ಪಾಲಿನ ಕೆಲಸವೂ ದೊಡ್ಡದೇನಲ್ಲ. 1987ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಉಪನ್ಯಾಸವನ್ನು ನಡುನಡುವೆ ಮೂರು ಸಲ, ಎರಡೆರಡು ನಿಮಿಷ ನಿಲ್ಲಿಸಿ, ವಿದ್ಯಾರ್ಥಿಗಳು ಅಕ್ಕಪಕ್ಕದವರೊಂದಿಗೆ ಟಿಪ್ಪಣಿ ಹೋಲಿಸಿಕೊಳ್ಳಲು ಬಿಟ್ಟರು. ಅಷ್ಟರಿಂದಲೇ ಅವರು ಪಾಠವನ್ನು ಹೆಚ್ಚು ನೆನಪಿಟ್ಟುಕೊಂಡರು.

ನಮ್ಮ ಕಾಲೇಜುಗಳಲ್ಲಿ ನೋಟ್ಸ್ ಬರೆಸುವ, ಬರೆಸಿದ್ದನ್ನು ಜೆರಾಕ್ಸ್ ಮಾಡಿಸುವ ಪದ್ಧತಿ ಇನ್ನೂ ಗಟ್ಟಿಯಾಗಿದೆ. ಅದರಲ್ಲಿ ಆರಿಸುವ ಕೆಲಸವೂ ಇಲ್ಲ, ಕೇಳಿಕೊಳ್ಳುವ ಕೆಲಸವೂ ಇಲ್ಲ. ಮೇಷ್ಟ್ರುಗಳೇ, ಪಾಠದ ನಡುವೆ ಎರಡು ನಿಮಿಷ ನಿಲ್ಲಿಸಿ. ವಿದ್ಯಾರ್ಥಿಗಳೇ, ಪೆನ್ನೋ ಲ್ಯಾಪ್‌ಟಾಪೋ ನಿಮ್ಮಿಷ್ಟ. ಬರೆದದ್ದನ್ನು ಅವತ್ತೇ ಸಂಜೆ ಮುಚ್ಚಿಟ್ಟು, ನಿಮ್ಮನ್ನು ನೀವೇ ಪ್ರಶ್ನೆ ಕೇಳಿಕೊಳ್ಳಿ.