ಗಂಜಲದ ನೀರು ತಿಳಿಯಾದ ಬಗೆ

ಬೇಸಿಗೆಯಲ್ಲಿ ಕೆರೆ ಬತ್ತಿತೆಂದರೆ ಅರಸೀಕೆರೆ ತಾಲೂಕಿನ ಜಾವಗಲ್ ಸೀಮೆಯ ರೈತರಿಗೆ ಅದರ ತಳದ ಜೇಡಿ ಹೂಳಾದ ಗೋಡಿನ ನೆನಪಾಗುತ್ತದೆ. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ ತೆಂಗಿನ ತೋಟಕ್ಕೋ ರಾಗಿ ಹೊಲಕ್ಕೋ ಹರಡುತ್ತಾರೆ. ಗೋಡು ಬಿದ್ದ ನೆಲ ಗೊಬ್ಬರದ ಸಾರವನ್ನು ಬೇಗ ಬಿಟ್ಟುಕೊಡುವುದಿಲ್ಲ. ಕಾರ್ಖಾನೆಯ ಕೊಳಚೆಯಿಂದ ಸೀಸ, ಕ್ಯಾಡ್ಮಿಯಂ ತೆಗೆಯುವ ವಿದ್ಯೆಯ ಬೇರು ಇರುವುದೂ ಇಲ್ಲೇ, ಗೊಬ್ಬರದ ಚಿಂತೆಯಲ್ಲಿ.

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಜಮೀನುದಾರ ಎಚ್. ಎಸ್. ಥಾಂಪ್ಸನ್‌ಗೆ ತಿಪ್ಪೆಯ ಅಮೋನಿಯಾ ಮಳೆಗೆ ಕೊಚ್ಚಿಹೋಗುತ್ತದೆಯೇ ಎಂಬ ಅನುಮಾನವಿತ್ತು. 1845ರಲ್ಲಿ ಯಾರ್ಕ್‌ನ ರಸಾಯನ ಬಲ್ಲ ಸ್ಪೆನ್ಸ್ ಎಂಬಾತ ಗೊಬ್ಬರವಾಗಿ ಬಳಸುವ ಅಮೋನಿಯಂ ಸಲ್ಫೇಟಿನ ನೀರನ್ನು ಮಣ್ಣಿನ ಮೇಲೆ ಸುರಿದು ಕೆಳಗಿಳಿದದ್ದನ್ನು ಪರೀಕ್ಷಿಸಿದ. ಅದರಲ್ಲಿ ಸಿಕ್ಕಿದ್ದು ಜಿಪ್ಸಂ! ಅಮೋನಿಯಾ ಮಣ್ಣಿನಲ್ಲೇ ನಿಂತು, ಮಣ್ಣಿನ ಕ್ಯಾಲ್ಸಿಯಂ ಹೊರಬಂದಿತ್ತು. ಅದೇ ದಶಕದಲ್ಲಿ ಹಕ್ಸ್‌ಟೇಬಲ್ ಎಂಬ ಪಾದ್ರಿ ಕೊಟ್ಟಿಗೆಯ ಗಂಜಲವನ್ನು ಮಣ್ಣಿನಲ್ಲಿ ಸೋಸಿದ. ಬಣ್ಣ ಹೋಯಿತು, ನಾತವೂ ಹೋಯಿತು.

ಇವೆರಡನ್ನೂ ಕೇಳಿ ಕುತೂಹಲಗೊಂಡವನು ಕೃಷಿ ರಸಾಯನತಜ್ಞ ಜೆ. ಥಾಮಸ್ ವೇ. ಒಂದಾದ ಮೇಲೊಂದು ಲವಣವನ್ನು ಮಣ್ಣಿಗೆ ಹಾಯಿಸಿ 1850ರಲ್ಲಿ ತನ್ನ ಫಲಿತಾಂಶ ಪ್ರಕಟಿಸಿದ. ಈ ಗುಣ ಮರಳಿನದ್ದಲ್ಲ, ಜೇಡಿಯದ್ದು. ಇದು ಬರೀ ಸೋಸುವಿಕೆಯೂ ಅಲ್ಲ. ಸಂತೆಯಲ್ಲಿ ರಾಗಿ ಕೊಟ್ಟು ಉಪ್ಪು ಕೊಂಡಂತೆ ಲೆಕ್ಕಾಚಾರದ ವಿನಿಮಯ, ಅದೂ ಹೆಚ್ಚುಕಡಿಮೆ ತಕ್ಷಣವೇ ಮುಗಿಯುವಂಥದ್ದು. ಇಷ್ಟು ಕಂಡವನು, ಒಮ್ಮೆ ಹಿಡಿದದ್ದನ್ನು ಜೇಡಿ ಮತ್ತೆ ಬಿಡದು ಎಂದು ಭಾವಿಸಿದ. ಬಿಡುತ್ತದೆ ಎಂದು 1858ರಲ್ಲಿ ಜರ್ಮನಿಯ ಐಕ್‌ಹಾರ್ನ್ ಜಿಯೊಲೈಟ್ ಎಂಬ ಖನಿಜಗಳ ಮೇಲೆ ತೋರಿಸಿದ. ನನ್ನ ಮಟ್ಟಿಗೆ ಇಡೀ ಕತೆಯ ತಿರುವು ಇದೇ. ಖನಿಜವನ್ನು ತೊಳೆದು ಮತ್ತೆ ಬಳಸುವ ದಾರಿ ತೆರೆದದ್ದು ಆಗ.

ಜಿಯೊಲೈಟನ್ನು ಗುರುತಿಸಿ ಹೆಸರಿಟ್ಟವನು ಸ್ವೀಡನ್ನಿನ ಕ್ರಾನ್‌ಸ್ಟೆಟ್, 1756ರಲ್ಲಿ. ಐದು ವರ್ಷ ಮೊದಲು ನಿಕ್ಕಲ್ ಲೋಹವನ್ನು ಕಂಡುಹಿಡಿದವನೂ ಅವನೇ. ನಿಕ್ಕಲ್ ಬೆರೆತ ಕೊಳಚೆಗೆ ಮುಂದೊಂದು ದಿನ ಜಿಯೊಲೈಟನ್ನೇ ಸುರಿದು ನೋಡುತ್ತಾರೆಂದು ಅವನಿಗೆ ಹೊಳೆದಿರಲಾರದು.

ಜೇಡಿಯ ಪದರಗಳಲ್ಲಿ ಸಿಲಿಕಾನ್ ಇರಬೇಕಾದ ಕಡೆ ಅಲ್ಲಲ್ಲಿ ಅಲ್ಯೂಮಿನಿಯಂ, ಅಲ್ಯೂಮಿನಿಯಂ ಇರಬೇಕಾದ ಕಡೆ ಮೆಗ್ನೀಸಿಯಂ ಕೂತಿರುತ್ತದೆ. ಅದರಿಂದ ಪದರಕ್ಕೆ ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂ ಸಡಿಲವಾಗಿ ಅಂಟಿಕೊಂಡಿರುತ್ತವೆ. ಸೀಸ ಬಂದರೆ ಅವುಗಳನ್ನು ಎಬ್ಬಿಸಿ ತಾನು ಕೂರುತ್ತದೆ. ಹಾಗೆಂದು ಎಲ್ಲ ಖನಿಜವೂ ಒಂದೇ ಅಲ್ಲ. ಜಾವಗಲ್ಲಿನ ಲಕ್ಷ್ಮೀನರಸಿಂಹ ಗುಡಿಯ ಬಳಪದ ಕಲ್ಲು ಹೊಯ್ಸಳ ಶಿಲ್ಪಿಯ ಉಳಿಗೆ ಮೃದುವಾಗಿ ಒದಗಿತು. ಆದರೆ ಅದರ ಟಾಲ್ಕ್ ಪದರಗಳಲ್ಲಿ ವಿದ್ಯುದಂಶ ಇಲ್ಲವೆಂದರೂ ಸರಿಯೇ, ಲೋಹ ಹಿಡಿಯುವ ಶಕ್ತಿಯೂ ಅಷ್ಟಕ್ಕಷ್ಟೆ. ಇದೇ ಅರಸೀಕೆರೆ ತಾಲೂಕಿನ ಬಾಗೇಶಪುರದಲ್ಲಿ ಸಿಗುವ ಬಿಳಿ ಚೀನಾ ಜೇಡಿಯದ್ದು ಸಾಧಾರಣ ಹಿಡಿತ. ಬಯಲುಸೀಮೆಯ ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಅದರ ಹತ್ತು ಪಟ್ಟಿನಷ್ಟು ಹಿಡಿಯಬಲ್ಲದು.

1950ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯಾನ್‌ಫರ್ಡ್ ಪರಮಾಣು ಕೇಂದ್ರದಲ್ಲಿ ಏಮ್ಸ್ ಎಂಬ ವಿಜ್ಞಾನಿ, ಕ್ಲಿನೊಪ್ಟಿಲೊಲೈಟ್ ಎಂಬ ಜಿಯೊಲೈಟ್ ತ್ಯಾಜ್ಯನೀರಿನ ಸೀಸಿಯಂ ಅನ್ನು ಆರಿಸಿ ಹಿಡಿಯುವುದನ್ನು ಕಂಡ. ಸೀಸವನ್ನೂ ಅದು ಗಟ್ಟಿಯಾಗಿ ಹಿಡಿಯುತ್ತದೆ, ನಿಕ್ಕಲ್ಲನ್ನು ಅಷ್ಟಾಗಿ ಅಲ್ಲ. ಬೆಂಗಳೂರಿನ ಪೀಣ್ಯದ ಅಂತರ್ಜಲಕ್ಕೆ ಸೇರಿರುವ ಕ್ರೋಮಿಯಂನದ್ದು ಬೇರೆಯೇ ಪಾಡು. ಎಲೆಕ್ಟ್ರೋಪ್ಲೇಟಿಂಗ್‌ನಲ್ಲಿ ಬಳಸುವ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ತಾನೇ ಋಣಕಣವಾಗಿರುವುದರಿಂದ ಜೇಡಿ ಅದನ್ನು ದೂರ ತಳ್ಳುತ್ತದೆ. ಮೊದಲು ಫೆರಸ್ ಕಬ್ಬಿಣದಿಂದ ಅದನ್ನು ಮೂರು ವೇಲೆನ್ಸಿಗೆ ಇಳಿಸಬೇಕು. ಆಮೇಲೆ ಸುಣ್ಣ ಹಾಕಿದರೆ ತಳ ಸೇರುತ್ತದೆ, ಉಳಿದದ್ದನ್ನು ಖನಿಜ ಹಿಡಿದೀತು.

ಹಿಡಿದು ಹಿಡಿದು ತುಂಬಿದ ಜೇಡಿಯನ್ನು ಗೋಡಿನಂತೆ ಹೊಲಕ್ಕೆ ಹರಡುವಂತಿಲ್ಲ. ಐಕ್‌ಹಾರ್ನ್ ತೋರಿಸಿದ ಹಾಗೆ, ಉಪ್ಪುನೀರು ಸೋಕಿದರೆ ಸೀಸ ಮತ್ತೆ ಎದ್ದು ಹೊರಡುತ್ತದೆ. ಅದಕ್ಕೇ ಅದನ್ನು ಶುದ್ಧೀಕರಣ ಘಟಕದೊಳಗೇ ತೊಳೆದು, ಆಗ ಸಿಗುವ ಗಟ್ಟಿ ದ್ರಾವಣದಿಂದ ಲೋಹವನ್ನು ಬೇರ್ಪಡಿಸಬೇಕು. ಇಲ್ಲವೇ ಅಪಾಯಕಾರಿ ತ್ಯಾಜ್ಯವೆಂದು ನೀರು ಇಳಿಯದ ಗುಂಡಿಯಲ್ಲಿ ಮುಚ್ಚಬೇಕು.