122ನೇ ಮಹಡಿಯ ನಾಷ್ಟಾ

ಮದ್ರಸದ ಬೆಳಗ್ಗಿನ ಕ್ಲಾಸ್ ಮುಗಿಯುವ ಹೊತ್ತಿಗೆ ನನ್ನ ನಾಷ್ಟಾ ಕ್ಯಾರಿಯರಿನಲ್ಲಿ ಬಂದಿರುತ್ತದೆ. ಉಸ್ತಾದರಿಗೆ ಸರದಿಯಂತೆ ಮನೆಗಳಿಂದ ಊಟ ಕೊಡುವ ಪದ್ಧತಿ ನಮ್ಮಲ್ಲಿ ಈಗಲೂ ಇದೆಯಲ್ಲ. ಅರಸೀಕೆರೆಯಲ್ಲಿ ನಾನಿದ್ದಾಗ ಗುರುವಾರದ ಸರದಿ ಒಬ್ಬ ತಾಯಿಯದು. ಗಂಡ ಕೊಬ್ಬರಿ ವ್ಯಾಪಾರಕ್ಕೆಂದು ಕರಾವಳಿಯಿಂದ ಘಟ್ಟ ಹತ್ತಿ ಬಂದವರು, ತೀರಿಹೋಗಿದ್ದರು. ಮಗ ನನ್ನ ಹಳೆಯ ವಿದ್ಯಾರ್ಥಿ, ದುಬೈಯಲ್ಲಿ ಡ್ರೈವರ್.

ಒಂದು ಗುರುವಾರ ಆ ತಾಯಿಯೇ ಕ್ಯಾರಿಯರ್ ಹಿಡಿದುಕೊಂಡು ಬಂದರು. “ಉಸ್ತಾದ್, ಇದನ್ನೊಮ್ಮೆ ನೋಡಿ” ಎಂದು ಮೊಬೈಲ್ ತೋರಿಸಿದರು. ಗಾಜಿನ ಕಿಟಕಿ ಪಕ್ಕ ಮಗ ಕೂತಿದ್ದಾನೆ. ಮೇಜಿನ ಮೇಲೆ ಮೊಟ್ಟೆ, ಬ್ರೆಡ್ಡು, ಹೆಚ್ಚಿದ ಹಣ್ಣು. ಕೆಳಗೆ ರಸ್ತೆಗಳು ದಾರದಂತೆ ಕಾಣುತ್ತಿವೆ. ಅದು ಬುರ್ಜ್ ಖಲೀಫಾದ 122ನೇ ಮಹಡಿ.

828 ಮೀಟರ್ ಎತ್ತರದ ಈ ಕಟ್ಟಡ 2010ರ ಜನವರಿ 4ರಂದು ಉದ್ಘಾಟನೆಯಾಯಿತು. ಮರುವರ್ಷ 122ನೇ ಮಹಡಿಯಲ್ಲಿ, ನೆಲದಿಂದ 442 ಮೀಟರ್ ಮೇಲೆ ‘ಅಟ್ಮಾಸ್ಫಿಯರ್’ ರೆಸ್ಟೋರೆಂಟ್ ತೆರೆಯಿತು. ಆಕಾಶ ತಿಳಿಯಾಗಿದ್ದರೆ ಆ ಎತ್ತರದಿಂದ ಸುಮಾರು 75 ಕಿ.ಮೀ. ದೂರದ ದಿಗಂತ ಕಾಣುತ್ತದೆ. ಮೇಲಿದ್ದವರಿಗೆ ಸೂರ್ಯ ಕೆಳಗಿನವರಿಗಿಂತ ಬೇಗ ಕಾಣುತ್ತಾನೆ, ತಡವಾಗಿ ಮುಳುಗುತ್ತಾನೆ. ಅದಕ್ಕೇ 2011ರ ರಮಝಾನಿನಲ್ಲಿ ದುಬೈಯ ಮುಫ್ತಿಗಳು 80ನೇ ಮಹಡಿಗಿಂತ ಮೇಲಿರುವವರು 2 ನಿಮಿಷ, 150ನೇ ಮಹಡಿಗಿಂತ ಮೇಲಿರುವವರು 3 ನಿಮಿಷ ತಡವಾಗಿ ಇಫ್ತಾರ್ ಮಾಡಬೇಕೆಂದು ಹೇಳಿದರು. ಮದ್ರಸದಲ್ಲಿ ಇದನ್ನು ಹೇಳಿದಾಗ ಮಕ್ಕಳು ಬಾಯಿ ಬಿಟ್ಟು ಕೇಳಿದ್ದರು.

ಅಲ್ಲಿ ಎತ್ತರದ ಲೆಕ್ಕ ಎರಡು ಮೂರು ನಿಮಿಷದ್ದು. ಇಲ್ಲಿ ಆ ಮನೆಗೆ ಬಿದ್ದ ಲೆಕ್ಕವೇ ಬೇರೆ.

ಉಮ್ಮ ಸಂತೋಷದಲ್ಲಿ ಫೋಟೋವನ್ನು ಸ್ಟೇಟಸ್ ಹಾಕಿದರು. ಆಗ ಮಗಳಿಗೆ ಬೇಲೂರು ಕಡೆಯ ಒಂದು ಸಂಬಂಧದ ಮಾತು ನಡೆಯುತ್ತಿತ್ತು. 10 ಪವನ್ ಎಂದು ಒಪ್ಪಿದ್ದವರು ಫೋಟೋ ನೋಡಿದ ಮೇಲೆ 25 ಪವನ್ ಎಂದರು. “ಮಗ ಬುರ್ಜ್ ಖಲೀಫಾದಲ್ಲಿ ಕೂತು ನಾಷ್ಟಾ ಮಾಡುತ್ತಾನೆ, ಇದೇನು ಮಹಾ?” ಎಂಬುದು ಅವರ ಮಾತು.

ಆ ರಾತ್ರಿ ಹುಡುಗನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. “ಉಸ್ತಾದ್, ಅದು ನನ್ನ ದುಡ್ಡಲ್ಲಿ ತಿಂದದ್ದಲ್ಲ. ಊರಿಂದ ಬಂದಿದ್ದ ಒಂದು ಫ್ಯಾಮಿಲಿಯನ್ನು ಕಾರಲ್ಲಿ ಕರ್ಕೊಂಡು ಹೋಗಿದ್ದೆ. ನೀನೂ ಬಾ ಅಂತ ಬಲವಂತ ಮಾಡಿದ್ರು. ಆರು ವರ್ಷದಿಂದ ಅದರ ಬುಡದಲ್ಲೇ ಗಾಡಿ ಓಡಿಸ್ತೇನೆ, ಮೇಲೆ ಹತ್ತಿದ್ದು ಅದೊಂದೇ ಸಲ. ನಮ್ಮ ರೂಮ್ ಎಲ್ಲಿದೆ ಅಂತ ಕಿಟಕಿಯಿಂದ ಹುಡುಕಿದೆ, ಸಿಗ್ಲಿಲ್ಲ.” ಆ ರೂಮಿನಲ್ಲಿ ಎಂಟು ಜನ. ಬೆಳಗ್ಗೆ ಖುಬ್ಬೂಸ್, ಹಾಲಿಲ್ಲದ ಚಾಯ. “ಉಮ್ಮನಿಗೆ ಖುಷಿಯಾಗ್ಲಿ ಅಂತ ಫೋಟೋ ಕಳಿಸಿದೆ” ಎಂದ.

ಅವನ ಒಪ್ಪಿಗೆ ಪಡೆದು ಇದ್ದದ್ದನ್ನು ಇದ್ದ ಹಾಗೆ ಗಂಡಿನ ಮನೆಯವರಿಗೆ ಹೇಳಿದೆ. ಕೇಳಿಸಿಕೊಂಡರು, ಆದರೆ ಒಂದು ಪವನ್ ಕೂಡ ಇಳಿಸಲಿಲ್ಲ. ಸಂಬಂಧ ಮುರಿಯಿತು. ಮುಂದಿನ ಗುರುವಾರ ಕ್ಯಾರಿಯರ್ ಎಂದಿನಂತೆ ಬಂತು. “ಸ್ಟೇಟಸ್ ಹಾಕಿದ್ದು ನಾನೇ ಅಲ್ವಾ ಉಸ್ತಾದ್” ಎಂದಷ್ಟೇ ಉಮ್ಮ ಹೇಳಿದರು.

ಮರುವರ್ಷ ಹುಡುಗ ರಜೆಗೆ ಬಂದ. ಇಷ್ಟು ವರ್ಷ ಹತ್ತಿರದಲ್ಲೇ ಇದ್ದೂ ಉಮ್ಮ ಬೇಲೂರು, ಹಳೇಬೀಡು ನೋಡಿದವರಲ್ಲ. ಸುಬ್ಹಿ ನಮಾಝ್ ಮುಗಿಸಿ ಎಲ್ಲರೂ ಹೊರಟೆವು, ನನ್ನನ್ನೂ ಕರೆದುಕೊಂಡರು. ಬೇಲೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಹೋಟೆಲಿನಲ್ಲಿ ಇಡ್ಲಿ, ವಡೆ, ಚಾಯ. ಎದುರಿಗೆ ಕಾಣುತ್ತಿದ್ದದ್ದು ಬಸ್ಸು, ಹೂವಿನ ಬುಟ್ಟಿ, ಶಾಲೆಗೆ ಹೊರಟ ಮಕ್ಕಳು. ಬಿಲ್ಲು ಕೊಟ್ಟದ್ದು ಅವನೇ.

ಆಗ ನಾನೊಂದು ಲೆಕ್ಕ ಹೇಳಿದೆ. ಬೇಲೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಬುರ್ಜ್ ಖಲೀಫಾ ನಿಂತಿರುವುದು ಕಡಲ ಬದಿಯ ತಗ್ಗಿನಲ್ಲಿ. ಹಾಗಾಗಿ ಅದರ ತುತ್ತತುದಿಗಿಂತಲೂ ನಾವು ಕೂತಿರುವ ಈ ಬೆಂಚು ಮೇಲಿದೆ! ಹುಡುಗ ಬಿದ್ದು ಬಿದ್ದು ನಕ್ಕ. “ಹಾಗಾದ್ರೆ ಒಂದು ಫೋಟೋ ತೆಗಿ ಮೋನೇ” ಎಂದರು ಉಮ್ಮ. “ತೆಗೀತೇನೆ, ಸ್ಟೇಟಸ್ ಮಾತ್ರ ಹಾಕ್ಬೇಡಿ!”

ಅಲ್ಲಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ, ರೂಮಿನ ವಿಷಯ, ಖುಬ್ಬೂಸಿನ ವಿಷಯ ಎಲ್ಲವನ್ನೂ ಅವನೇ ಉಮ್ಮನಿಗೆ ಹೇಳಿದ. ಅವರು ಅವನ ಕೈ ಹಿಡಿದುಕೊಂಡೇ ಕೂತಿದ್ದರು. ತಂಗಿಯ ನಿಕಾಹ್ ಆಮೇಲೆ ಏನನ್ನೂ ಕೇಳದ ಒಂದು ಮನೆಯ ಹುಡುಗನೊಂದಿಗೆ ನಡೆಯಿತು, ಅಲ್‌ಹಮ್ದುಲಿಲ್ಲಾಹ್.

ನಮ್ಮ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಇಂಥ ಫೋಟೋಗಳು ಬರುತ್ತವೆ. ನೋಡಿ ಸಂತೋಷಪಡೋಣ, ತಪ್ಪೇನಿಲ್ಲ. ಆದರೆ ಹೆಣ್ಣು ಕೇಳಲು ಹೋಗುವವರು ಅದನ್ನು ತಕ್ಕಡಿಗೆ ಹಾಕಬೇಡಿ. ಮಕ್ಕಳಿಗೆ ಫೋನ್ ಮಾಡುವ ತಂದೆ ತಾಯಂದಿರು ಹಣ ಯಾವಾಗ ಕಳಿಸುತ್ತೀ ಎನ್ನುವ ಮೊದಲು, ಇವತ್ತು ಬೆಳಗ್ಗೆ ಏನು ತಿಂದೆ ಎಂದು ಕೇಳಿ.