ರವಿವಾರ ಡ್ಯಾಮಿಗೆ ಗಾಳ ಹಾಕಲು ಹೊರಟೀರಾ? ಮೊದಲು ಇಷ್ಟು ನೋಡಿಕೊಳ್ಳಿ

"ಏ, ರವಿವಾರ ಡ್ಯಾಮಿಗೆ ಹೋಗಿ ಗಾಳ ಹಾಕೂಣೇನ್ಲೇ?" ಕಡಲೆ, ಜೋಳದ ರಾಶಿ ಮುಗಿದರೆ ಸಾಕು, ವಾಟ್ಸಾಪ್ ಗ್ರೂಪಿನಲ್ಲಿ ಈ ಮಾತು ಬಂದೇ ಬರುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದವರಿಗೆ ಹತ್ತಿರದ ದೊಡ್ಡ ಡ್ಯಾಮ್ ಅಂದರೆ ನವಿಲುತೀರ್ಥ, ಮಲಪ್ರಭಾ ನದಿಯ ರೇಣುಕಾ ಸಾಗರ. ಧಾರವಾಡದಿಂದ ಸವದತ್ತಿಗೆ ಸುಮಾರು 40 ಕಿ.ಮೀ., ಅಲ್ಲಿಂದ ಡ್ಯಾಮ್ ಹತ್ತಿರವೇ. ಹೋಗ್ರಿ, ಬೇಡ ಅನ್ನೋದಿಲ್ಲ. ಮೀನು ಸಿಗದಿದ್ದರೂ ನಡೆದೀತು, ಹೋದವರೆಲ್ಲ ಮನೆಗೆ ಬರಬೇಕು. ಅದರ ತಯಾರಿ ಮನೆಯಲ್ಲೇ ಆಗಬೇಕು.

ಮೊದಲು ಪರವಾನಗಿ

ಜಲಾಶಯದ ಮೀನು ಯಾರು ಬೇಕಾದರೂ ಹಿಡಿಯುವಂಥದ್ದಲ್ಲ. ಅದನ್ನೇ ನಂಬಿದ ಮೀನುಗಾರ ಕುಟುಂಬಗಳಿವೆ. ಡ್ಯಾಮ್ ಇರುವುದು ಬೆಳಗಾವಿ ಜಿಲ್ಲೆಯಲ್ಲಿ. ಹಾಗಾಗಿ ಸವದತ್ತಿ ಕಡೆಯ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಹೊರಡಿ. ಗೋಡೆ, ಗೇಟಿನ ಹತ್ತಿರ ಹೋಗಬೇಡಿ. ಗೇಟಿನ ಕೆಳಗಿನ ನದಿಪಾತ್ರಕ್ಕಂತೂ ಇಳಿಯಲೇಬೇಡಿ, ನೀರು ಬಿಟ್ಟರೆ ಓಡಲು ಸಮಯ ಸಿಗೋದಿಲ್ಲ. ಮುಂಗಾರು ಮೀನು ಮೊಟ್ಟೆ ಇಡುವ ಕಾಲ, ಆಗ ಗಾಳ ಮನೆಯಲ್ಲೇ ಇರಲಿ.

ನೀರಿನ ಮಟ್ಟ, ಸಿಡಿಲು

ಈ ಜಲಾಶಯದ ಪೂರ್ಣ ಮಟ್ಟ 2079.50 ಅಡಿ. ಇವತ್ತಿನ ಮಟ್ಟ ಎಷ್ಟು ಅಂತ ಮೊಬೈಲಿನಲ್ಲೇ ನೋಡಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನಾಲೂ ಹಾಕುತ್ತದೆ. ನೀರು ಇಳಿದಿದ್ದರೆ ದಂಡೆಯಲ್ಲಿ ಹೂಳು ತೆರೆದಿರುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ರಾಡಿ. ಮಳೆಯಾದ ಎರಿ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಸಿಕ್ಕ ಗಾಳ ಬಿಡಿಸಲು ನೀರಿಗೆ ಇಳಿಯಬೇಡಿ, ದಾರ ಕತ್ತರಿಸಿ ಬಿಡಿ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಸಿಡಿಲಿನ ಮಳೆ ಸಾಮಾನ್ಯ. ದಾಮಿನಿ ಆ್ಯಪ್ ಹಾಕಿಕೊಳ್ಳಿ. ಗುಡುಗು ಕೇಳಿದ ಕೂಡಲೇ ಕೋಲು ಬಿಟ್ಟು ಬಯಲಿನಿಂದ ಹೊರಡಿ. ಮರದ ಕೆಳಗೂ ನಿಲ್ಲಬೇಡಿ.

ಯಾವ ಮೀನು, ಎಷ್ಟು ಆಳ?

ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ಗಾಳದ ಆಳ ಅದಕ್ಕೆ ತಕ್ಕಂತೆ ಇರಲಿ. ಬೆಳಗಿನ ಮತ್ತು ಸಂಜೆಯ ತಂಪು ಹೊತ್ತು ಒಳ್ಳೆಯದು. ಸಣ್ಣ ಮರಿ ಸಿಕ್ಕರೆ ನೀರಿಗೇ ಬಿಡಿ.

ಕೃಷಿ ಹೊಂಡಕ್ಕೆ ತರಬೇಡಿ

"ನಾಕು ಮೀನು ಜೀವಂತ ಒಯ್ದು ಹೊಂಡಕ್ಕ ಬಿಡೂಣು" ಅನ್ನುವವರು ಇದ್ದೇ ಇರುತ್ತಾರೆ. ಜೊತೆಗೆ ರೋಗ ಬಂದೀತು. ಜಿಲೇಬಿ ಮೀನು ಸೇರಿಕೊಂಡರೆ ಮರಿ ಹಾಕಿ ಹಾಕಿ ಹೊಂಡ ತುಂಬಿ, ನೀವು ಸಾಕಿದ ಮೀನಿಗೆ ಮೇವು ಉಳಿಯೋದಿಲ್ಲ. ಮರಿ ಬೇಕಿದ್ದರೆ ಇಲಾಖೆಯ ಮರಿ ಕೇಂದ್ರದಲ್ಲಿ ಕೊಳ್ಳಿ.

ಹೊರಡುವ ಮುಂಚೆ ಎಲ್ಲಿ ಕೂರುತ್ತೀರಿ, ಎಷ್ಟಕ್ಕೆ ವಾಪಸ್ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ. ಹಿನ್ನೀರಿನ ದಂಡೆಯಲ್ಲಿ ನೆಟ್‌ವರ್ಕ್ ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ. ಒಬ್ಬರೇ ಹೋಗಬೇಡಿ; ಉದ್ದ ಹಗ್ಗ, ಗಾಳಿ ತುಂಬಿದ ಟ್ಯೂಬ್ ಗಾಡಿಯಲ್ಲಿರಲಿ. ತುರ್ತಿದ್ದರೆ 112. ಬುತ್ತಿಯ ಪ್ಲಾಸ್ಟಿಕ್ ವಾಪಸ್ ತನ್ನಿ, ಹುಬ್ಬಳ್ಳಿ-ಧಾರವಾಡದ ನಳಕ್ಕೆ ಬರೋದು ಇದೇ ಮಲಪ್ರಭೆ ನೀರು.

ರವಿವಾರದ ಪ್ಲ್ಯಾನ್ ಹಾಕಿದ ಆ ಗ್ರೂಪಿಗೆ ಇದನ್ನು ಇವತ್ತೇ ಕಳಿಸಿ.